ರಾಮದರ್ಬಾರಿನ ‘ಒಂದಾಣೆ’: ಸತ್ಯಾಂಶ

‘1818ರಲ್ಲಿ ಈಸ್ಟ್ ಇಂಡಿಯಾ ಕಂಪನಿ ರಾಮ, ಸೀತೆ, ಲಕ್ಷ್ಮಣ, ಹನುಮಂತರ ಚಿತ್ರವಿರುವ ತಾಮ್ರದ ನಾಣ್ಯ ಹೊರಡಿಸಿತ್ತು, ಈಗ ಅದಕ್ಕೆ ಲಕ್ಷಗಟ್ಟಲೆ ಬೆಲೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಪದೇ ಪದೇ ಬರುತ್ತಿರುತ್ತದೆ. ಕಂಪನಿ ಇಂಥ ನಾಣ್ಯವನ್ನು ಚಲಾವಣೆಗೆ ತಂದೇ ಇಲ್ಲ. ಇವು ಆಮೇಲೆ ಯಾರೋ ಮಾಡಿದ ಬಿಲ್ಲೆಗಳು. ಭಕ್ತಿಯಿಂದ ದೇವರ ಮನೆಯಲ್ಲಿಡಲು ಅಡ್ಡಿಯಿಲ್ಲ.

ದೇವರ ಚಿತ್ರವಿದೆ ಎಂಬುದಕ್ಕೇ ಅನುಮಾನ ಪಡಬೇಕಿಲ್ಲ. ಮದ್ರಾಸಿನಲ್ಲಿ ಕಂಪನಿಯೇ ವಿಷ್ಣುವಿನ ಮೂರ್ತಿಯಿರುವ ಚಿನ್ನದ ವರಹ ಟಂಕಿಸಿತ್ತು. ಗುಟ್ಟು ರಟ್ಟಾಗುವುದು ಮುಖಬೆಲೆಯಲ್ಲಿ. ಈ ಬಿಲ್ಲೆಗಳ ಮೇಲೆ ಸಾಮಾನ್ಯವಾಗಿ ‘ಒನ್ ಆಣಾ’ ಎಂದಿರುತ್ತದೆ. 1835ರಲ್ಲಿ ಏಕರೂಪದ ನಾಣ್ಯಪದ್ಧತಿ ಬಂದಾಗಲೂ ತಾಮ್ರದಲ್ಲಿ ಎಲ್ಲಕ್ಕಿಂತ ದೊಡ್ಡದು ಅರ್ಧ ಆಣೆ, ತೂಕ ಸುಮಾರು 12.95 ಗ್ರಾಂ. ಬ್ರಿಟಿಷ್ ಇಂಡಿಯಾದ ಒಂದಾಣೆ ನಾಣ್ಯ ಬಂದದ್ದು 1907ರಲ್ಲಿ, ಅದೂ ತಾಮ್ರ-ನಿಕಲ್ ಮಿಶ್ರಲೋಹದಲ್ಲಿ.

ಆ ಕಾಲದ ನಿಜವಾದ ತಾಮ್ರ ನೋಡಬೇಕೆಂದರೆ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಿವೆ: ಆನೆ, ಸಿಂಹ, ಕನ್ನಡ ಅಕ್ಷರ. ಎಷ್ಟು ಚೆಂದ! ಅವು ಅಚ್ಚಿನಿಂದ ಹೊಡೆದವು. ಎರಕದ ನಕಲಿಯಲ್ಲಿ ಅಂಚಿನ ಸುತ್ತ ಜೋಡಣೆಯ ಗೆರೆ, ಮೈಮೇಲೆ ಸಣ್ಣ ಗುಳಿಗಳು, ಮೊಂಡಾದ ಅಕ್ಷರ ಕಾಣಬಹುದು. ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣವಿದೆ. ಅಂಟದಿದ್ದ ಮಾತ್ರಕ್ಕೆ ಅಸಲಿಯಲ್ಲ, ಹಿತ್ತಾಳೆಯೂ ಅಂಟುವುದಿಲ್ಲ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹಳೆಯ ಪದರ ಹೋದರೆ ಪರೀಕ್ಷಿಸುವವರಿಗೆ ಮುಖ್ಯ ಸುಳಿವೇ ಹೋಗುತ್ತದೆ.

‘ರಿಸರ್ವ್ ಬ್ಯಾಂಕ್ ಕೊಳ್ಳುತ್ತದೆ, ಮೊದಲು ಶುಲ್ಕ ಕಟ್ಟಿ’ ಎಂದರೆ ಕಟ್ಟಬೇಡಿ. ಆ ವ್ಯವಹಾರ ತನ್ನದಲ್ಲ ಎಂದು ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ.