‘ಒಂದಕ್ಕೆ’ ಮೊದಲ ಬಹುಮಾನ

ಅಕ್ಟೋಬರ್ 15, ವಿಶ್ವ ಕೈತೊಳೆಯುವ ದಿನ. ಮಗಳ ಶಾಲೆಯಲ್ಲಿ ದೊಡ್ಡ ಕಾರ್ಯಕ್ರಮ. ಮಂಗಳೂರಿನದ್ದೇ ಶಾಲೆ, ಹೆಸರು ಬೇಡ. ಅವಳಿಗೆ ಅಲ್ಲಿ ಇನ್ನೂ ಆರು ವರ್ಷ ಓದಲಿಕ್ಕೆ ಉಂಟು.

ವೇದಿಕೆ ಮೇಲೆ ಮಕ್ಕಳು ಹಾಡಿಗೆ ಸರಿಯಾಗಿ ಕೈ ತೊಳೆದರು. ಅಂಗೈ, ಹಿಂಗೈ, ಬೆರಳ ಸಂದು, ಹೆಬ್ಬೆರಳು, ಉಗುರ ತುದಿ, ಮಣಿಕಟ್ಟು. ಪೂರ್ತಿ 20 ಸೆಕೆಂಡು, ಒಬ್ಬರಿಗೂ ತಾಳ ತಪ್ಪಲಿಲ್ಲ. ನೀರಿಲ್ಲ, ಸಾಬೂನಿಲ್ಲ, ಬರೀ ಗಾಳಿಯಲ್ಲಿ. ಯಕ್ಷಗಾನದಲ್ಲಿ ಖಾಲಿ ರಂಗದ ಮೇಲೆ ಜಲಕ್ರೀಡೆ ಮಾಡಿ ತೋರಿಸುತ್ತಾರಲ್ಲ, ಹಾಗೆ. ಮುಖ್ಯ ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಮೇಲೆ ಬನ್ಸ್, ಚಾ. ನಾನು ಕೈ ತೊಳೆಯಲು ನಳ್ಳಿ ಹುಡುಕಿಕೊಂಡು ಹೋದೆ. ನಳ್ಳಿ ಸಿಕ್ಕಿತು, ಸಾಬೂನು ಸಿಗಲಿಲ್ಲ.

“ಸಾಬೂನು ಇಡುವುದಿಲ್ವಾ ಮಿಸ್?”

“ಕಪಾಟಿನಲ್ಲಿ ಉಂಟು ಸರ್. ಹೊರಗೆ ಇಟ್ಟರೆ ಮಕ್ಕಳು ಖಾಲಿ ಮಾಡ್ತಾರೆ.”

ಖಾಲಿ ಆಗುವುದಕ್ಕೇ ಅಲ್ವಾ ಇಡುವುದು ಅಂತ ಕೇಳಲು ಬಾಯಿ ತೆರೆದೆ. ತೆರೆದ ಬಾಯಿಗೆ ಬನ್ಸ್ ಹಾಕಿಕೊಂಡೆ. ಆರು ವರ್ಷ ನೆನಪಾಯಿತು.

ಅಲ್ಲೇ ಪಕ್ಕದಲ್ಲಿ ಮಕ್ಕಳ ಟಾಯ್ಲೆಟ್. ಮೂರು ಬಾಗಿಲು. ಮೊದಲನೆಯದಕ್ಕೆ ಚಿಲಕ ಇಲ್ಲ, ಒಳಗೆ ಹೋಗುವವಳು ಹೊರಗೆ ಒಬ್ಬಳು ಗೆಳತಿಯನ್ನು ಕಾವಲಿಗೆ ನಿಲ್ಲಿಸಬೇಕು. ಗೆಳೆತನದ ನಿಜವಾದ ಪರೀಕ್ಷೆ ಅಲ್ಲಿ ನಡೆಯುತ್ತದೆ. ಎರಡನೆಯದಕ್ಕೆ ಚಿಲಕ ಉಂಟು, ನೀರಿಲ್ಲ. ನಾಲ್ಕು ತಿಂಗಳು ಆಕಾಶ ತೂತಾದ ಹಾಗೆ ಮಳೆ ಸುರಿದ ಊರಿನಲ್ಲಿ ಇಷ್ಟು ಒಣಗಿದ ಜಾಗ ನಾನು ಬೇರೆಲ್ಲೂ ನೋಡಿಲ್ಲ. ಮೂರನೆಯದರಲ್ಲಿ ಚಿಲಕ, ನೀರು, ಕನ್ನಡಿ, ಹ್ಯಾಂಡ್‌ವಾಶ್ ಎಲ್ಲಾ ಉಂಟಂತೆ. ಹೊರಗಿನಿಂದ ಬೀಗವೂ ಉಂಟು. ಬೀಗದ ಕೈ ಆಫೀಸಿನಲ್ಲಿ, ಕಳೆದುಹೋಗಬಾರದು ಅಂತ ಅಂಗೈ ಅಗಲದ ಮರದ ತುಂಡಿಗೆ ಕಟ್ಟಿದ್ದಾರೆ. ತನಿಖೆಗೆ ಬಂದವರಿಗೆ ಅದನ್ನೇ ತೆಗೆದು ತೋರಿಸುವುದು. ಎಷ್ಟು ಸ್ವಚ್ಛ ನೋಡಿ ಅಂತ ಅವರೂ ಬರೆದುಕೊಂಡು ಹೋಗುತ್ತಾರೆ.

ಶಾಲೆಗಳಿಗೆಲ್ಲ ಟಾಯ್ಲೆಟ್ ಕಟ್ಟಿಸಿ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಕೇಂದ್ರ ಸರ್ಕಾರದ ‘ಸ್ವಚ್ಛ ವಿದ್ಯಾಲಯ’ ಯೋಜನೆಯ ಲೆಕ್ಕದಲ್ಲಿ 40 ಮಕ್ಕಳಿಗೆ ಒಂದು ಇರಬೇಕು. ಲೆಕ್ಕ ಸರಿ ಉಂಟು. ಬೀಗದ ಕೈಯ ವಿಷಯ ಯಾರಿಗೂ ಹೊಳೆದಿರಲಿಕ್ಕಿಲ್ಲ.

ಇನ್ನು ವಾಟರ್ ಬೆಲ್. 2019ರಲ್ಲಿ ಕೇರಳದ ಶಾಲೆಗಳಲ್ಲಿ ಸುದ್ದಿ ಮಾಡಿ ಗಡಿ ದಾಟಿ ನಮ್ಮ ಕಡೆಗೂ ಬಂತು. ಗಂಟೆ ಹೊಡೆದ ಕೂಡಲೇ ಮಕ್ಕಳೆಲ್ಲ ನೀರು ಕುಡಿಯಬೇಕು. ಒಳ್ಳೆಯದೇ. ಆದರೆ ಕುಡಿದ ನೀರು ಹೊರಗೆ ಹೋಗಲು ಗಂಟೆ ಇಲ್ಲ. ಅದಕ್ಕೆ ಅನುಮತಿ ಬೇಕು, ಅದೂ ಇಂಗ್ಲಿಷಿನಲ್ಲಿ. “ಕ್ಯಾನ್ ಐ ಗೋ ಟು ಟಾಯ್ಲೆಟ್” ಅಂದರೆ ಆಗುವುದಿಲ್ಲ, “ಮೇ ಐ” ಅನ್ನಬೇಕು. ಪಾಪದ ಮಗು ಒಂದು ಕಾಲ ಮೇಲೆ ಇನ್ನೊಂದು ಕಾಲು ಹೆಣೆದುಕೊಂಡು ವ್ಯಾಕರಣ ತಿದ್ದಿಕೊಳ್ಳುತ್ತದೆ. ತಿದ್ದಿಕೊಂಡು ಮುಗಿಸಿದರೆ, “ಬೆಲ್ಲಿಗೆ ಹತ್ತೇ ನಿಮಿಷ ಅಲ್ವಾ, ಕಂಟ್ರೋಲ್ ಮಾಡು.”

ಮಕ್ಕಳೇನು ದಡ್ಡರಾ? ನೀರು ಕುಡಿದ ಹಾಗೆ ಮಾಡಿ ಬಾಟ್ಲಿ ಮುಚ್ಚಿಡುತ್ತಾರೆ. ಗಾಳಿಯಲ್ಲಿ ಕೈ ತೊಳೆಯಲು ಕಲಿತವರಿಗೆ ಇದೇನು ಮಹಾ. ಬೆಳಿಗ್ಗೆ ತುಂಬಿಸಿ ಕಳಿಸಿದ ಬಾಟ್ಲಿ ಸಂಜೆ ಹಾಗೆಯೇ ವಾಪಸ್. ಆಮೇಲೆ ಉರಿಮೂತ್ರ. ಡಾಕ್ಟರು ಹೇಳುವುದು ಎರಡೇ ಮಾತು: ನೀರು ಜಾಸ್ತಿ ಕುಡಿ, ತಡೆದು ಹಿಡಿಯಬೇಡ.

ಹಾಗಂತ ಶಾಲೆಯೊಂದನ್ನೇ ಬೈಯಲಿಕ್ಕೆ ಆಗುವುದಿಲ್ಲ. ದೊಡ್ಡವರಿಗೆ ಈ ಪಾಠ ಹೇಳುವ ಕೆಲಸವನ್ನು ನಾವು ದೇವರಿಗೆ ಒಪ್ಪಿಸಿದ್ದೇವೆ. ಶಾಲೆಯ ಕಂಪೌಂಡ್ ಗೋಡೆಯಲ್ಲಿ ಗಣಪತಿ, ಏಸು, ಮಸೀದಿ ಸಾಲಾಗಿ ಟೈಲ್ಸ್‌ನಲ್ಲಿ ಕೂತಿದ್ದಾರೆ. ಮೂರೂ ಧರ್ಮದವರು ಸೇರಿ ಒಂದು ಗೋಡೆ ಒಣಗಿಸಿದ್ದಾರೆ. ಟೈಲ್ಸ್ ಮುಗಿದ ಕಡೆಯಿಂದ ಎಂದಿನ ಹಾಗೆ ಒದ್ದೆ.

ಕೊನೆಗೆ ‘ಶೌಚಾಲಯ ಶಿಷ್ಟಾಚಾರ’ ಮೌಖಿಕ ಸ್ಪರ್ಧೆ. ಒಳಗೆ ಹೋಗುವ ಮೊದಲು ಏನು ಮಾಡಬೇಕು? ಬಾಗಿಲು ತಟ್ಟಬೇಕು. ಬಳಸಿದ ಮೇಲೆ? ನೀರು ಹಾಕಿ, ಮುಂದಿನವರಿಗೆ ಚೊಕ್ಕ ಬಿಟ್ಟು ಬರಬೇಕು. ನಮ್ಮ ಮಗಳು ಟಪಟಪ ಅಂತ ಉತ್ತರ ಹೇಳಿದಳು. ಮೊದಲ ಬಹುಮಾನ, ಕುತ್ತಿಗೆಗೆ ಮೆಡಲ್. ಜೊತೆಗೆ ಒಂದು ಸಾಬೂನು ಕೊಟ್ಟರು, ಫೋಟೋ ಆದ ಮೇಲೆ ಕಪಾಟಿಗೆ ವಾಪಸ್ ತೆಗೆದುಕೊಂಡರು.

“ಇಷ್ಟೆಲ್ಲ ಎಲ್ಲಿ ಕಲಿತಿ ಮಗಾ?”

“ಅಜ್ಜಿ ಹೇಳಿಕೊಟ್ಟದ್ದು ಪಪ್ಪ. ಶಾಲೆಯ ಟಾಯ್ಲೆಟ್ಟಿಗೆ ನಾನು ಹೋಗುವುದೇ ಇಲ್ಲ.”

ಸಂಜೆ ನಾಲ್ಕೂಕಾಲಕ್ಕೆ ನಮ್ಮ ಮನೆಯಲ್ಲಿ ಬೇರೆ ಯಾರೂ ಟಾಯ್ಲೆಟ್ಟಿಗೆ ಹೋಗುವಂತಿಲ್ಲ. ತಿರುವಿನಲ್ಲಿ ರಿಕ್ಷಾದ ಹಾರ್ನ್ ಕೇಳಿದ ಕೂಡಲೇ ಅಮ್ಮ ಗೇಟು ತೆಗೆದು, ಚಾವಡಿಯ ಕುರ್ಚಿ ಬದಿಗೆ ಸರಿಸಿ, ಟಾಯ್ಲೆಟ್ಟಿನ ಬಾಗಿಲು ದೂಡಿ ಇಡುತ್ತಾರೆ, ಆಂಬುಲೆನ್ಸಿಗೆ ದಾರಿ ಬಿಡುವ ಹಾಗೆ. ಅವತ್ತೂ ಅಷ್ಟೇ. ಬ್ಯಾಗು ಮೆಟ್ಟಿಲಲ್ಲಿ, ಶೂ ಒಂದು ಚಾವಡಿಯಲ್ಲಿ ಒಂದು ಅಡುಗೆಮನೆ ಹತ್ತಿರ. ವಿಜೇತೆ ಮೆಡಲ್ ಸಮೇತ ಒಳಗೆ ಓಡಿದಳು. ಬಾಗಿಲು ತಟ್ಟಲು ಪುರುಸೊತ್ತು ಇರಲಿಲ್ಲ.