45 ಡಿಗ್ರಿ ಒರಗಿ, ಅಂಕಲ್

“45 ಡಿಗ್ರಿ ಒರಗಿ, ಅಂಕಲ್” ಎಂದಳು ಬಿಳಿ ಕೋಟಿನ ಹುಡುಗಿ.

ಒರಗುವುದು ಎಲ್ಲಿಗೆ? ಮಂಚದ ತಲೆಭಾಗ ಎತ್ತುವ ಹ್ಯಾಂಡಲ್ ಹಾಳಾಗಿತ್ತು. ತಿರುಗಿಸಿದರೆ ಸುಮ್ನೆ ತಿರುಗುತ್ತಿತ್ತು, ಮಂಚ ಮಿಸುಕುತ್ತಿರಲಿಲ್ಲ. ಅಟೆಂಡರ್ ಬಂದು ಕೆಳಗೆ ಕೈ ಹಾಕಿ ಏನೋ ಮಾಡಿದ. ತಲೆಭಾಗ ಸೀದಾ ತುದಿಗೆ ಹೋಗಿ ನಿಂತಿತು. “ಇದು ಇಷ್ಟೇ ಸಾರ್. ಮಲಗ್ಬೇಕು, ಇಲ್ಲಾ ಕೂರ್ಬೇಕು. ಮಧ್ಯ ನಿಲ್ಲಲ್ಲ” ಎಂದು ಹೋಗಿಬಿಟ್ಟ.

ಕಾಲು ಸ್ವಲ್ಪ ಬಾತಿದೆ ಎಂದು ತೋರಿಸಲು ಹೋದವನು ನಾನು. ಕಾಲನ್ನು ಬಿಟ್ಟು ಎಲ್ಲರೂ ನನ್ನ ಕತ್ತಿನ ಹಿಂದೆ ಬಿದ್ದಿದ್ದರು. ಗುಂಡಿಗೆಯ ಬಲಗಡೆ ರಕ್ತದ ಒತ್ತಡ ಎಷ್ಟಿದೆ ಎಂದು ಕತ್ತಿನ ಸೆರೆ ನೋಡಿದರೆ ಗೊತ್ತಾಗುತ್ತದಂತೆ. ಕೊನೆಗೆ ಮಂಚವನ್ನು ಮಲಗಿಸಿ ನನ್ನ ಬೆನ್ನಿಗೆ ಮೂರು ದಿಂಬು ಕೊಟ್ಟರು. ಒಂದು ದಿಂಬು ಪಕ್ಕದ ಮಂಚದವರದ್ದು. ಅವರು ಮುಖ ಸಿಂಡರಿಸಿಕೊಂಡೇ ಕೊಟ್ಟರು. ನಾನಾದರೂ ಹಾಗೇ ಮಾಡುತ್ತಿದ್ದೆ.

ತಲೆ ತುಸು ಎಡಕ್ಕೆ ತಿರುಗಿಸಿ ಎಂದರು. ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ನಾಲ್ವರು ನನ್ನ ಕತ್ತಿನ ಬಲಗಡೆ ಬಗ್ಗಿ ನೋಡತೊಡಗಿದರು. ಅಷ್ಟು ಶ್ರದ್ಧೆಯಿಂದ ನನ್ನನ್ನು ಮದುವೆಯ ಹೆಣ್ಣು ನೋಡುವ ಶಾಸ್ತ್ರದಲ್ಲೂ ಯಾರೂ ನೋಡಿರಲಿಲ್ಲ. ಕನ್ನಡಕದ ಹುಡುಗನೊಬ್ಬ “ಕಾಣ್ತು ಸರ್!” ಎಂದ.

“ಬೆರಳಿಟ್ಟು ನೋಡು. ಬಡಿತ ಕೈಗೆ ಸಿಗುತ್ತಾ?” ಎಂದರು ಮೇಷ್ಟ್ರು.

“ಚೆನ್ನಾಗಿ ಸಿಗುತ್ತೆ ಸರ್.”

“ಹಾಗಾದ್ರೆ ಅದಲ್ಲ.”

ಹುಡುಗನ ಮುಖ ನೋಡಿ ನನಗೇ ಪಾಪ ಅನ್ನಿಸಿತು. ಕೈಗೆ ಸಿಗುವುದು ಅಪಧಮನಿಯಂತೆ. ಇವರಿಗೆ ಬೇಕಾದ ಸೆರೆ ಕಣ್ಣಿಗೆ ಕಂಡರೂ ಕೈಗೆ ಸಿಗುವುದಿಲ್ಲ. ಒಂದೊಂದು ಎದೆಬಡಿತಕ್ಕೆ ಎರಡೆರಡು ಸಲ ಮಿಣುಕುತ್ತದೆ, ಎದ್ದು ಕೂತರೆ ಕಾಲರ್ ಮೂಳೆಯ ಹಿಂದೆ ಹೋಗಿ ಅಡಗಿಕೊಳ್ಳುತ್ತದೆ. ಸಾಲ ತೆಗೆದುಕೊಂಡವರ ಹಾಗೆ.

ಆಮೇಲೆ ಸ್ಕೇಲು ಬಂತು. ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿ ಇರುತ್ತದಲ್ಲ, ಅದೇ. ಎದೆಮೂಳೆಯ ಮೇಲ್ಭಾಗದಲ್ಲಿ ಕೈಗೆ ಸಿಗುವ ಸಣ್ಣ ಉಬ್ಬಿನ ಮೇಲೆ ಒಂದನ್ನು ನೆಟ್ಟಗೆ ನಿಲ್ಲಿಸಿದರು. ಕತ್ತಿನಲ್ಲಿ ಸೆರೆಯ ಮಿಣುಕು ಎಲ್ಲಿಯವರೆಗೆ ಏರಿದೆಯೋ ಅಲ್ಲಿಂದ ಇನ್ನೊಂದನ್ನು ಅಡ್ಡ ಹಿಡಿದರು. ಆ ಉಬ್ಬನ್ನು ಗುರುತಾಗಿಟ್ಟುಕೊಂಡು ಅಳೆಯುವ ದಾರಿ ತೋರಿಸಿದವನು ಲಂಡನ್ನಿನ ಥಾಮಸ್ ಲೂಯಿಸ್ ಎಂಬ ಡಾಕ್ಟರು, 1930ರಲ್ಲಿ. ಇಷ್ಟು ವರ್ಷವಾದರೂ ಸ್ಕೇಲು ಸ್ಕೇಲೇ. ಮಿಣುಕಿನ ತುದಿ ಉಬ್ಬಿನಿಂದ ಮೇಲಕ್ಕೆ 3 ಸೆಂಟಿಮೀಟರ್ ದಾಟದಿದ್ದರೆ ಚಿಂತೆ ಇಲ್ಲ. ಅದಕ್ಕೆ ಮನಸ್ಸಿನಲ್ಲೇ 5 ಕೂಡಿಸಿಕೊಳ್ಳಬೇಕು, ಗುಂಡಿಗೆಯ ಬಲ ಮೇಲ್ಕೋಣೆ ಉಬ್ಬಿನಿಂದ ಅಷ್ಟು ಕೆಳಗಿದೆ ಎಂಬ ಲೆಕ್ಕದಲ್ಲಿ. ಎರಡು, ಎರಡೂವರೆ ಎಂದು ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಮಾಡಿದರು. ಕೊನೆಗೆ ಒಬ್ಬ ಹೊಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿದ. ಹೊಟ್ಟೆ ಒತ್ತಿದರೆ ಕತ್ತಿನ ಸೆರೆ ಏರಿ ನಿಲ್ಲುತ್ತದೋ ಇಳಿಯುತ್ತದೋ ನೋಡಬೇಕಂತೆ. ಬೆಳಿಗ್ಗೆ ತಿಂದ ಮಸಾಲೆ ದೋಸೆ ಏರಿತು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಇಷ್ಟೆಲ್ಲ ರಾದ್ಧಾಂತದ ನಡುವೆ ನನಗೆ ನೆನಪಾದದ್ದು ಅಜ್ಜನ ಆರಾಮ ಕುರ್ಚಿ.

ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಜಗಲಿಯಲ್ಲಿ ಅದು ಇರುತ್ತಿತ್ತು. ಹಲಸಿನ ಮರದ ಚೌಕಟ್ಟು, ಪಟ್ಟೆ ಪಟ್ಟೆ ಕ್ಯಾನ್ವಾಸ್. ಕೈ ಎಷ್ಟು ಉದ್ದ ಎಂದರೆ ಒಂದರ ಮೇಲೆ ಕಾಫಿ ಲೋಟ, ಕವಳದ ತಟ್ಟೆ, ಪಂಚಾಂಗ ಎಲ್ಲ ಹಿಡಿಯುತ್ತಿತ್ತು. ಹಿಂದೆ ಮೂರು ಕಚ್ಚು. ಕೆಳಗಿನ ಕಚ್ಚು ಊಟದ ನಂತರದ ನಿದ್ದೆಗೆ. ನಡುಗಚ್ಚು ಪೇಪರ್ ಓದಲು. ಮೇಲಿನ ಕಚ್ಚು ಬೀಗರು ಬಂದಾಗ. ಕಚ್ಚು ಬದಲಿಸುವಾಗ ಬೆರಳು ಸಿಕ್ಕಿಕೊಳ್ಳದ ಮಗು ನಮ್ಮ ವಂಶದಲ್ಲಿ ಇಲ್ಲ.

ಕ್ಯಾನ್ವಾಸಿನ ಎರಡೂ ತುದಿಗೆ ಒಂದೊಂದು ಕೋಲು. ಮೇಲಿನ ಕೋಲನ್ನು ಎಳೆದಿಟ್ಟು ಬಟ್ಟೆಯನ್ನು ಸುಮ್ನೆ ಸಿಕ್ಕಿಸಿದರೆ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಕೂತವರಿಗೆ ಗೊತ್ತಾಗುತ್ತದೆ. ಒಮ್ಮೆ ಚಿಕ್ಕಪ್ಪ ಅಜ್ಜನಿಗೆಂದು ಹೂಡಿದ ಈ ಬಲೆಗೆ ಲೆಕ್ಕ ನೋಡಲು ಬಂದ ಶಾನುಭೋಗರು ಬಿದ್ದರು. ಕಾಲು ಮೇಲೆ, ತಲೆ ಕೆಳಗೆ, ಚೌಕಟ್ಟಿನ ಮಧ್ಯೆ ಸಿಕ್ಕಿಕೊಂಡು ಅವರು ಕೂಗಿದ ಕೂಗಿಗೆ ಕೊಟ್ಟಿಗೆಯ ದನ ಎದ್ದು ನಿಂತವು. ಮುಖ ಕೆಂಪಾಗಿ, ಕತ್ತಿನ ಎರಡೂ ಕಡೆ ಸೆರೆ ಹಗ್ಗದ ಹಾಗೆ ಉಬ್ಬಿತ್ತು. ಅವರನ್ನು ಎತ್ತುವ ಮೊದಲು ಅಜ್ಜ ಎರಡು ನಿಮಿಷ ನಕ್ಕರು. ಆ ಎರಡು ನಿಮಿಷಕ್ಕೆ ಶಾನುಭೋಗರು ಎರಡು ವರ್ಷ ನಮ್ಮ ಮನೆಯಲ್ಲಿ ನೀರು ಮುಟ್ಟಲಿಲ್ಲ.

ಕೊನೆಯ ವರ್ಷ ಅಜ್ಜ ರಾತ್ರಿಯೂ ಕುರ್ಚಿ ಬಿಡಲಿಲ್ಲ. ಮೊದಲು ಕೆಳಗಿನ ಕಚ್ಚು, ದೀಪಾವಳಿ ಹೊತ್ತಿಗೆ ನಡುಗಚ್ಚು. ಅಂಗಳದ ಅಡಿಕೆ ಕಾಯಲು ಮುದುಕ ಹಟ ಹಿಡಿದಿದ್ದಾನೆ ಎಂದು ಅಜ್ಜಿ ಬೈದರು. ಪೇಟೆಯಿಂದ ಬೈಕಿನಲ್ಲಿ ಡಾಕ್ಟರು ಬಂದರು. ನಾಡಿ ಹಿಡಿಯಲಿಲ್ಲ, ಟಾರ್ಚ್ ಹಾಕಿ ಕತ್ತು ನೋಡಿದರು. “ಇನ್ನೊಂದು ಕಚ್ಚು ಮೇಲೆ ಮಾಡಿ” ಎಂದರು. ಮತ್ತೆ ನೋಡಿದರು. “ರಾತ್ರಿ ಎಷ್ಟು ದಿಂಬು ಬೇಕು?” ಎಂದು ಕೇಳಿದರು. ಈ ಡಾಕ್ಟರಿಗೆ ವಿದ್ಯೆ ಕಮ್ಮಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ಒತ್ತಡ ಜಾಸ್ತಿಯಾದರೆ ಸೆರೆಯೊಳಗಿನ ರಕ್ತದ ಮಟ್ಟ ದವಡೆಯನ್ನೂ ದಾಟಿ ಹೋಗಿರುತ್ತದೆ, ಆ ತುದಿ ಕಾಣಬೇಕಾದರೆ ರೋಗಿಯನ್ನು ಇನ್ನಷ್ಟು ಎತ್ತಿ ಕೂರಿಸಬೇಕು ಎಂದು ಮೊನ್ನೆ ಮೇಷ್ಟ್ರು ಹುಡುಗರಿಗೆ ಹೇಳುತ್ತಿದ್ದರು. ನಾನು ಮೂರು ದಿಂಬಿನ ಮೇಲೆ ಕೇಳಿಸಿಕೊಂಡೆ. ಕುರ್ಚಿ ಈಗ ಅಟ್ಟದಲ್ಲಿದೆ. ಕ್ಯಾನ್ವಾಸ್ ಇಲಿ ತಿಂದಿದೆ.

ಈ ವಿಷಯವನ್ನು ಪಾರ್ಕಿನಲ್ಲಿ ಹೇಳಿದ್ದೇ ತಪ್ಪಾಯಿತು. ನಮ್ಮ ವಾಕಿಂಗ್ ಬಳಗದಲ್ಲಿ ಸರ್ವಾಂಗಾಸನದವರು ಒಬ್ಬರಿದ್ದಾರೆ. “ದಿನಾ ಹತ್ತು ನಿಮಿಷ ಕಾಲು ಮೇಲೆ ಮಾಡಿ, ರಕ್ತ ಮೆದುಳಿಗೆ ಹೋಗುತ್ತೆ” ಎಂದು ಎಲ್ಲರಿಗೂ ಒಂದೇ ಔಷಧಿ. ಹೋದದ್ದು ವಾಪಸ್ ಬರಬೇಡವೇ ಎಂದು ಯಾರೂ ಕೇಳುವುದಿಲ್ಲ. ನಾವು ನಿಂತಾಗ ಕತ್ತಿನ ಸೆರೆ ತೋಟದ ಪ್ಲಾಸ್ಟಿಕ್ ಪೈಪಿನ ಹಾಗೆ ಚಪ್ಪಟೆಯಾಗುತ್ತದೆ, ಮೋಟಾರು ಆರಿಸಿದ ಮೇಲೆ ಬೀಳುತ್ತದಲ್ಲ, ಹಾಗೆ. ಆಗ ತಲೆಯ ರಕ್ತ ಹೆಚ್ಚಾಗಿ ಬೆನ್ನುಮೂಳೆಯ ಸುತ್ತಲಿನ ಸೆರೆಗಳಲ್ಲಿ ಇಳಿಯುತ್ತದೆ. ಮಲಗಿದರೆ ಮತ್ತೆ ಕತ್ತಿನ ದಾರಿಯೇ. ಇದನ್ನು ಹೇಳಿದ್ದಕ್ಕೆ ಅವರು “ನಿಮ್ಮದು ನೆಗೆಟಿವ್ ಮೈಂಡು” ಎಂದರು. ಆಗಿರಲಿ ಬಿಡಿ.

ಮೇಲು ಕೆಳಗು ಎರಡೂ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕ ಇದೆ. ಅಂತರಿಕ್ಷ ನಿಲ್ದಾಣದ 11 ಜನರ ಕತ್ತು ಸ್ಕ್ಯಾನ್ ಮಾಡಿದ ವರದಿ 2019ರಲ್ಲಿ ಬಂತು. 6 ಜನರ ಎಡಗಡೆ ಸೆರೆಯಲ್ಲಿ ರಕ್ತ ನಿಂತಿತ್ತು, ಇಲ್ಲವೇ ಹಿಂದಕ್ಕೆ ಹರಿಯುತ್ತಿತ್ತು. ಒಬ್ಬರಿಗೆ ಹೆಪ್ಪೂ ಕಟ್ಟಿತ್ತು. ಅಲ್ಲಿ ಮುಖ ಊದುತ್ತದೆ, ಕಾಲು ಸಣ್ಣಗಾಗುತ್ತದೆ. ನನ್ನ ಕಾಲಿಗೆ ಅದೇ ಸರಿಯಾದ ಜಾಗ. ಆದರೆ ಅಲ್ಲಿಗೆ ಯಾರು ಬರೆದುಕೊಡುತ್ತಾರೆ? ಆಸ್ಪತ್ರೆಯವರು ಬರೆದುಕೊಟ್ಟದ್ದು ಉಪ್ಪು ಕಮ್ಮಿ ಮಾಡಿ ಎಂದು.

ಸಂಜೆ ನನ್ನ ಸೆರೆಯನ್ನು ನಾನೇ ನೋಡಬೇಕು ಅನ್ನಿಸಿತು, ನಾಲ್ಕು ಜನ ನೋಡಿದ್ದಾರೆ, ಯಜಮಾನ ನೋಡಿಲ್ಲ. ಕನ್ನಡಿ ಮುಂದೆ ನಿಂತೆ. ಏನೂ ಇಲ್ಲ. ಕೈಗನ್ನಡಿ ಹಿಡಿದು ಚಾಪೆ ಮೇಲೆ ಮಲಗಿದೆ. ಕೈ ನಡುಗಿ ಕನ್ನಡಿಯಲ್ಲಿ ಫ್ಯಾನ್ ಕಂಡಿತು. ಕೊನೆಗೆ ಸೋಫಾಕ್ಕೆ ಎರಡು ದಿಂಬು ಕೊಟ್ಟು ಅಂದಾಜು ನಡುಗಚ್ಚಿನಷ್ಟು ಒರಗಿ, ಹೆಂಡತಿಯ ಕೈಗೆ ಟಾರ್ಚ್ ಕೊಟ್ಟೆ. ಅವಳು ಬಗ್ಗಿ ತುಂಬಾ ಹೊತ್ತು ನೋಡಿದಳು.

“ಏನಾದ್ರೂ ಕಾಣ್ತಾ?”

“ತಡೀರಿ, ಕತ್ತು ಎಲ್ಲಿ ಶುರುವಾಗುತ್ತೆ ಅಂತ ಹುಡುಕ್ತಾ ಇದ್ದೀನಿ.”