ಇಸ್ತ್ರಿ ಬೇಡದ ದೇಶಭಕ್ತಿ

ಬೆಳಗಾವಿಯಲ್ಲಿ ಜಗಳಕ್ಕೆ ಒಂದು ಕಲ್ಲು ಸಾಕು. ಆ ಕಲ್ಲಿಗೆ ಮೀಸೆ, ಕತ್ತಿ ಇದ್ದರಂತೂ ಕೇಳೋದೇ ಬೇಡ. 2020ರ ಆಗಸ್ಟ್‌ನಲ್ಲಿ ಪೀರನವಾಡಿಯಲ್ಲಿ ರಾತ್ರೋರಾತ್ರಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ಎದ್ದಿತು. ಬೆಳಗಾದರೆ ಎರಡು ಗುಂಪು, ಎರಡು ಘೋಷಣೆ, ನಡುವೆ ಪೊಲೀಸರು. ಕೊನೆಗೆ ಆದ ರಾಜಿ ಗೊತ್ತಲ್ಲ? ಪ್ರತಿಮೆ ರಾಯಣ್ಣನದು, ಸರ್ಕಲ್ಲಿನ ಹೆಸರು ಶಿವಾಜಿ ಮಹಾರಾಜರದು. ಒಬ್ಬರು ಮೊಘಲರನ್ನು, ಇನ್ನೊಬ್ಬರು ಬ್ರಿಟಿಷರನ್ನು ಎದುರು ಹಾಕಿಕೊಂಡವರು. ನಾವು ಅವರಿಬ್ಬರಿಗೂ ಸೇರಿ ಕೊಟ್ಟಿದ್ದು ಒಂದು ಸರ್ಕಲ್, ಅದೂ ಜಂಟಿ ಖಾತೆಯಲ್ಲಿ.

ಬೆಳಗಾವಿ ಹತ್ತಿರದ ರಾಜಹಂಸಗಡ ಕೋಟೆಯ ಕಥೆ ಇನ್ನೂ ಚೆಂದ. 2023ರ ಮಾರ್ಚ್‌ನಲ್ಲಿ ಅಲ್ಲಿ ಶಿವಾಜಿ ಪ್ರತಿಮೆಯನ್ನು ಅಂದಿನ ಮುಖ್ಯಮಂತ್ರಿಗಳು ಬಂದು ಉದ್ಘಾಟಿಸಿದರು. ಮೂರು ದಿನ ಬಿಟ್ಟು ವಿರೋಧ ಪಕ್ಷದವರು ಅದೇ ಪ್ರತಿಮೆಯನ್ನು ಮತ್ತೆ ಉದ್ಘಾಟಿಸಿದರು. ಮೇ ತಿಂಗಳಲ್ಲಿ ಚುನಾವಣೆ ಇತ್ತು ಅನ್ನೋದನ್ನ ನಾನು ಹೇಳಬೇಕಾಗಿಲ್ಲ.

ಇಷ್ಟೊಂದು ಸೂಕ್ಷ್ಮ ಮನಸ್ಸಿನ ಜನ ನಾವು. ಆದ್ದರಿಂದಲೇ ನನಗೆ ಒಂದು ವಿಷಯ ಇವತ್ತಿಗೂ ಅರ್ಥ ಆಗಿಲ್ಲ. 2021ರ ಡಿಸೆಂಬರ್ 30ರಂದು ದೇಶದ ಬಾವುಟದ ಬಟ್ಟೆಯನ್ನೇ ಬದಲಾಯಿಸಿದರು, ಬೆಳಗಾವಿಯಲ್ಲಿ ಒಂದೇ ಒಂದು ಟೈರ್ ಉರಿಯಲಿಲ್ಲ.

ಅಲ್ಲಿಯವರೆಗೆ ಧ್ವಜ ಸಂಹಿತೆ ಹೇಳುತ್ತಿದ್ದುದು ಇಷ್ಟೇ: ಕೈಯಲ್ಲಿ ನೂತು, ಕೈಯಲ್ಲಿ ನೇಯ್ದ ಖಾದಿ. ಹತ್ತಿ, ಉಣ್ಣೆ, ರೇಷ್ಮೆ, ಯಾವುದಾದರೂ ಸರಿ. ಅವತ್ತಿನಿಂದ ಯಂತ್ರದಲ್ಲಿ ಮಾಡಿದ್ದೂ ನಡೆಯತ್ತೆ, ಪಾಲಿಯೆಸ್ಟರ್ರೂ ನಡೆಯತ್ತೆ. ಸಂಸತ್ತಿನಲ್ಲಿ ಗದ್ದಲ ಇಲ್ಲ, ಟೀವಿಯಲ್ಲಿ ಕೂಗಾಟ ಇಲ್ಲ. ಸುಮ್ನೆ ಒಂದು ಆದೇಶ. ಹುಬ್ಬಳ್ಳಿಯ ಬೆಂಗೇರಿಯವರು ಕೂಗಿದರು, ಪಾಪ. ಗುಣಮಟ್ಟಕ್ಕೆ ಸರ್ಕಾರ ಕೊಡುವ ಬಿಐಎಸ್ ಮುದ್ರೆಯ ರಾಷ್ಟ್ರಧ್ವಜ ಮಾಡುವ ಖಾದಿ ಸಂಘ ಅದು. ಆ ಕೂಗು ನೂರು ಕಿಲೋಮೀಟರ್ ದಾಟಿ ಬೆಳಗಾವಿಗೆ ಬರೋಷ್ಟರಲ್ಲಿ ನಾವು ಯಾವ ಸರ್ಕಲ್ಲಿಗೆ ಯಾರ ಹೆಸರು ಅನ್ನುವ ಮುಖ್ಯ ಕೆಲಸದಲ್ಲಿದ್ದೆವು.

ಪರಂಪರೆ, ಸಂಸ್ಕೃತಿ ಅಂದರೆ ಪ್ರಾಣ ಬಿಡುವ ಮುಖಂಡರೊಬ್ಬರನ್ನು ಈ ಬಗ್ಗೆ ಕೇಳಿದೆ. "ನೋಡ್ರಿ, ಖಾದಿ ಮಳ್ಯಾಗ ತೊಯ್ದರ ಒಣಗೂದಿಲ್ಲ. ಮುದ್ದಿ ಆಕ್ಕೈತಿ. ಇದಕ್ಕ ಇಸ್ತ್ರಿ ಬ್ಯಾಡ, ಸಸ್ತಾ ಬ್ಯಾರೆ," ಅಂದರು. ಖಾದಿ ಅಂಗಿ ಹಾಕಿಕೊಂಡೇ ಹೇಳಿದರು. ಗರಿಗರಿ ಇಸ್ತ್ರಿ ಮಾಡಿದ ಅಂಗಿ.

ಸರಿ, ಅವರ ಮಾತಿಗೆ ನಾನೂ ಒಪ್ಪುತ್ತೇನೆ. ಲಾಂಛನ ಅಂದಮೇಲೆ ಅನುಕೂಲ ಮುಖ್ಯ. ಆದರೆ ಬಾವುಟಕ್ಕೇ ನಿಲ್ಲಿಸಿದರೆ ಹೇಗೆ? ರಾಷ್ಟ್ರೀಯ ಪ್ರಾಣಿ ಹುಲಿ ಇದೆ, ಅದಕ್ಕೆ ಕಾಡು ಬೇಕು, ಜಿಂಕೆ ಬೇಕು, ಎಷ್ಟು ಖರ್ಚು! ಬೆಕ್ಕು ಮಾಡಿಬಿಡಿ. ಒಂದೇ ವಂಶ, ಹಾಲು ಹಾಕಿದರೆ ಆಯ್ತು, ಹರ್ ಘರ್‌ನಲ್ಲೂ ಇರತ್ತೆ. ರಾಷ್ಟ್ರೀಯ ಹಣ್ಣು ಮಾವು ಬೇಸಿಗೆಯಲ್ಲಿ ಮಾತ್ರ ಸಿಗತ್ತೆ, ಅದರ ಬದಲು ಟೆಟ್ರಾಪ್ಯಾಕ್ ಜ್ಯೂಸ್ ಇಟ್ಟರೆ ವರ್ಷವಿಡೀ ಗೌರವ ಸಲ್ಲಿಸಬಹುದು. ಕಮಲಕ್ಕೆ ಕೆಸರು ಬೇಕು, ಪ್ಲಾಸ್ಟಿಕ್ಕಿನದಾದರೆ ಬೇಡ. ಅಶೋಕ ಚಕ್ರಕ್ಕೆ 24 ಅರೆಗಳು ಯಾಕೆ, 12 ಹಾಕಿದರೆ ಶಾಯಿ ಅರ್ಧ ಉಳಿಯತ್ತೆ. ಈ ಕೊನೆಯದನ್ನು ತಮಾಷೆ ಅಂದುಕೊಳ್ಳಬೇಡಿ. 2022ರ ಆಗಸ್ಟ್‌ನಲ್ಲಿ ಮನೆಮನೆಗೆ ತಿರಂಗಾ ಬಂದಾಗ ಚಕ್ರ ಪಕ್ಕಕ್ಕೆ ಜಾರಿದ, ಪಟ್ಟಿಗಳ ಅಳತೆ ತಪ್ಪಿದ ಬಾವುಟಗಳ ಬಗ್ಗೆ ಎಷ್ಟು ದೂರು ಬಂದವು ನೆನಪಿದೆ ಅಲ್ವಾ? ಅಂಚೆ ಕಚೇರಿಯಲ್ಲಿ ಒಂದಕ್ಕೆ 25 ರೂಪಾಯಿ. ಅದಕ್ಕೂ ಒಂದು ತಿಂಗಳ ಮುಂಚೆ ಇನ್ನೊಂದು ತಿದ್ದುಪಡಿ ತಂದು, ಹಗಲು ರಾತ್ರಿ ಎರಡೂ ಹೊತ್ತು ಹಾರಿಸಬಹುದು ಅಂದರು. ಸಂಜೆ ಇಳಿಸುವ ಕಷ್ಟವೂ ತಪ್ಪಿತು.

ಈ ಕಡೆ ಬಾಗಲಕೋಟೆ ಹತ್ತಿರದ ತುಳಸಿಗೇರಿಗೆ ಬನ್ನಿ. ನೀವು ಹನುಮಪ್ಪನ ಗುಡಿಗೆ ಅಂತ ಹೋಗಿರುತ್ತೀರಿ. ಅದೇ ಊರಿನ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜದ ಬಟ್ಟೆ ನೇಯುತ್ತಾರೆ, ಇದು ಎಷ್ಟೋ ಬಾಗಲಕೋಟೆಯವರಿಗೇ ಗೊತ್ತಿಲ್ಲ. ಅಲ್ಲಿ ನೇಯ್ದ ಬಟ್ಟೆ ಬೆಂಗೇರಿಗೆ ಹೋಗತ್ತೆ. ಅಲ್ಲಿ ಕೇಸರಿ, ಬಿಳಿ, ಹಸಿರು ಬೇರೆ ಬೇರೆ ಆಗಿ, ಚಕ್ರ ಎರಡೂ ಬದಿಗೆ ಒಂದರ ಬೆನ್ನಿಗೆ ಒಂದು ಕೂರುವಂತೆ ಅಚ್ಚಾಗಿ, ಆಮೇಲೆ ಹೊಲಿಗೆ, ಹಗ್ಗ, ಮರದ ಗುಂಡಿ. ಒಟ್ಟು ಒಂಬತ್ತು ಅಳತೆ. ಬಣ್ಣ ಒಂದು ಛಾಯೆ ಆಚೀಚೆ ಆದರೂ ವಾಪಸ್. ಈ ಕೆಲಸದಲ್ಲಿ ಇರೋರು ಹೆಚ್ಚಾಗಿ ಹೆಂಗಸರು. ಇಷ್ಟು ಕಟ್ಟುನಿಟ್ಟು ಇಟ್ಟುಕೊಂಡು ಕೂತರೆ ಯಾವ ಕಾಲಕ್ಕೆ ಮುಗಿಯೋದು, ಹೇಳಿ? ಪಾಲಿಯೆಸ್ಟರ್ ಮಷಿನ್‌ಗೆ ಇಂಥ ಕಿರಿಕಿರಿ ಇಲ್ಲ, ಅದು ಬೆಳಿಗ್ಗೆ ಬಾವುಟ ಮುದ್ರಿಸತ್ತೆ, ಮಧ್ಯಾಹ್ನ ನೈಟಿ ಮುದ್ರಿಸತ್ತೆ, ಎರಡಕ್ಕೂ ಒಂದೇ ಶ್ರದ್ಧೆ.

ಒಂದು ಸಣ್ಣ ತೊಡಕಿದೆ. ಹರಿದ ಬಾವುಟವನ್ನು ಏಕಾಂತದಲ್ಲಿ, ಗೌರವದಿಂದ, ಸಾಧ್ಯವಾದರೆ ಸುಟ್ಟು ವಿಲೇವಾರಿ ಮಾಡಬೇಕು ಅಂತ ಅದೇ ಸಂಹಿತೆ ಹೇಳತ್ತೆ. ಖಾದಿ ಸುಟ್ಟರೆ ಬೂದಿ. ಪಾಲಿಯೆಸ್ಟರ್ ಬೂದಿ ಆಗೋದಿಲ್ಲ, ಕರಗತ್ತೆ. ಕಪ್ಪಗೆ ಅಂಟಂಟಾಗಿ ತೊಟ್ಟಿಕ್ಕುತ್ತೆ, ನಾತ ಬೇರೆ. ಏಕಾಂತದಲ್ಲಿ ಮಾಡಿ ಅಂದಿದ್ದು ಬಹುಶಃ ಇದಕ್ಕೇ.

ಇನ್ನು ಬೆಳಗಾವಿಯ ವಿಷಯ. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಒಂದೇ ಒಂದು ಕಾಂಗ್ರೆಸ್ ಅಧಿವೇಶನಕ್ಕೆ, ಅದು 1924ರ ಡಿಸೆಂಬರ್‌ನಲ್ಲಿ ನಮ್ಮೂರಲ್ಲೇ ಆಗಿದ್ದು. ಇದನ್ನು ಪ್ರತಿ ಭಾಷಣದಲ್ಲೂ ಕೇಳಿದ್ದೀರಿ. ಭಾಷಣದಲ್ಲಿ ಬರದ ಭಾಗ ಒಂದಿದೆ. ಪಕ್ಷದ ಸದಸ್ಯತ್ವಕ್ಕೆ ಚಂದಾ ದುಡ್ಡಿನಲ್ಲಿ ಅಲ್ಲ, ನೂಲಿನಲ್ಲಿ ಕೊಡಬೇಕು ಅನ್ನುವ ನಿಯಮಕ್ಕೆ ಒಪ್ಪಿಗೆ ಸಿಕ್ಕಿದ್ದು ಈ ಅಧಿವೇಶನದಲ್ಲೇ. ತಿಂಗಳಿಗೆ 2,000 ಗಜ ನೂಲು. ಸ್ವಂತ ನೂತಿದ್ದು, ಆಗದಿದ್ದರೆ ಕೊಂಡು ತಂದದ್ದು. ಮುಂದಿನ ವರ್ಷವೇ ಈ ನಿಯಮ ಸಡಿಲಾಯಿತು ಅನ್ನಿ. ನೂಲುವ ಕಷ್ಟ ಅವತ್ತಿನವರಿಗೂ ಗೊತ್ತಿತ್ತು. 2024ರಲ್ಲಿ ಶತಮಾನೋತ್ಸವ ಮಾಡಿದಾಗ ರಸ್ತೆಗಳಿಗೆಲ್ಲ ಲೈಟಿನ ಸರ ಹಾಕಿದ್ದರು, ದಸರಾ ಥರ ಇತ್ತು, ಮಕ್ಕಳನ್ನು ಕರ್ಕೊಂಡು ನಾವೂ ಹೋಗಿ ನೋಡಿದೆವು. ಅಲ್ಲಿ ಇಲ್ಲಿ ಫ್ಲೆಕ್ಸ್ ಮೇಲೆ ಗಾಂಧಿ ಚರಕ ತಿರುಗಿಸುತ್ತಿದ್ದರು. ಫ್ಲೆಕ್ಸ್ ಕೂಡ ಖಾದಿ ಅಲ್ಲ, ಬಿಡಿ.

ಅದೇ ಊರಿನ ಕೋಟೆ ಕೆರೆ ದಂಡೆಯಲ್ಲಿ 2018ರ ಮಾರ್ಚ್‌ನಲ್ಲಿ 361 ಅಡಿಯ ಧ್ವಜಸ್ತಂಭ ನಿಲ್ಲಿಸಿದರು. 361 ಯಾಕೆ? ಪಾಕಿಸ್ತಾನದ ಗಡಿಯ ಅಟ್ಟಾರಿಯಲ್ಲಿ 360 ಇತ್ತು, ಅದಕ್ಕೆ. ಒಂದು ಅಡಿ ಜಾಸ್ತಿ. ಬಾವುಟದ ವಿಸ್ತೀರ್ಣ 9,600 ಚದರಡಿ. ತುಳಸಿಗೇರಿಯ ಬಟ್ಟೆಯಿಂದ ಆಗುವ ಅತಿ ದೊಡ್ಡ ಅಳತೆಯ ಧ್ವಜ 21 ಅಡಿ ಉದ್ದ, 14 ಅಡಿ ಅಗಲ. ಅಂಥವು 32 ಸೇರಿಸಿ ಹೊಲಿದರೂ ಈ ಕಂಬಕ್ಕೆ ಸಾಲಲ್ಲ. ಆ ಎತ್ತರದಲ್ಲಿ ಬೆಳಗಾವಿ ಗಾಳಿ ಯಾವ ಬಟ್ಟೆಯನ್ನೂ ಉಳಿಸಲ್ಲ. ಹರೀತು, ಹೊಸದು ತಂದರು, ಅದೂ ಹರೀತು. ಹೀಗಾಗಿ ಎಷ್ಟೋ ದಿನ ಬಾವುಟ ಇರಲ್ಲ, ಬರೀ ಕಂಬ. ಜನ ಕಂಬದ ಜೊತೆಗೇ ಸೆಲ್ಫಿ ತೆಗೆದುಕೊಂಡು ಹೋಗ್ತಾರೆ. ಕಂಬ ಎತ್ತರ ಇದೆ ಅಂತ ಹೆಮ್ಮೆಪಡಬೇಕೋ, ಹಾರಿಸಲು ಬಟ್ಟೆ ಇಲ್ಲ ಅಂತ ನಾಚಿಕೆಪಡಬೇಕೋ ಅನ್ನೋ ಗೊಂದಲ ಅವರ ಮುಖದಲ್ಲಿ ನನಗಂತೂ ಕಂಡಿಲ್ಲ.

ಕೆಟ್ಟ ಸುದ್ದಿ ಏನಂದರೆ, 2023ರಲ್ಲಿ ಅಟ್ಟಾರಿಯವರು 418 ಅಡಿಯ ಕಂಬ ನಿಲ್ಲಿಸಿಬಿಟ್ಟರು. ನಮ್ಮದು ಈಗ 57 ಅಡಿ ಕಮ್ಮಿ. ಬೆಳಗಾವಿಯ ಯಾವುದೋ ಕಚೇರಿಯಲ್ಲಿ 58 ಅಡಿ ಪೈಪಿಗೆ ಕೊಟೇಶನ್ ಕೇಳುವ ಪತ್ರ ಈಗಾಗಲೇ ಟೈಪ್ ಆಗ್ತಾ ಇರಬಹುದು.